ತೀರ್ಥಹಳ್ಳಿಯಿಂದ ಕಲಬುರಗಿಗೆ: ಮೊದಲ ಬೇಸಿಗೆಯನ್ನು ಹೇಗೆ ಕಳೆಯುವುದು?

ತುಂಗಾತೀರ, ಮಾರ್ಚ್ 18

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನವನು, ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಈ ಜನವರಿಯಲ್ಲಿ ಕಲಬುರಗಿಗೆ ವರ್ಗವಾಯಿತು. ಹೆಂಡತಿ, 8 ವರ್ಷದ ಮಗ ಮತ್ತು 72 ವರ್ಷದ ಅಮ್ಮನನ್ನು ಕರೆದುಕೊಂಡು ಬಂದಿದ್ದೇನೆ. ಬಂದ ತಿಂಗಳು ಬೆಳಗಿನ ಹೊತ್ತು ಸ್ವೆಟರ್ ಬೇಕಾಗುವಷ್ಟು ಚಳಿಯಿತ್ತು. ಒಣ ಹವೆ ಅಮ್ಮನ ಮಂಡಿನೋವಿಗೂ ಹಿತವಾಗಿತ್ತು. ಈ ಊರಿನ ಬಿಸಿಲಿನ ಬಗ್ಗೆ ಜನ ಹೇಳುವುದರಲ್ಲಿ ಅರ್ಧ ಉತ್ಪ್ರೇಕ್ಷೆಯೇ ಇರಬೇಕು ಎಂದು ಮನೆಯಲ್ಲಿ ಮಾತಾಡಿಕೊಂಡಿದ್ದೆವು. ಈಗ ಮಾರ್ಚ್ ಮುಗಿಯುವ ಮೊದಲೇ ಮಧ್ಯಾಹ್ನದ ಉಷ್ಣಾಂಶ 39 ಡಿಗ್ರಿ ಮುಟ್ಟುತ್ತಿದೆ. ಮೇ ತಿಂಗಳಲ್ಲಿ 42, 43 ಎಂಬುದು ಇಲ್ಲಿ ಹೊಸ ಸುದ್ದಿಯೇ ಅಲ್ಲವೆಂದು ಸಹೋದ್ಯೋಗಿಗಳು ಹೇಳುತ್ತಿದ್ದಾರೆ.

ನಾವು ಬಾಡಿಗೆಗೆ ಹಿಡಿದಿರುವ ಮನೆ ಎರಡನೆಯ ಮಹಡಿಯಲ್ಲಿದೆ, ತಲೆಯ ಮೇಲೆ ನೇರವಾಗಿ ತಾರಸಿ. ಮಲಗುವ ಕೋಣೆಯ ಕಿಟಕಿಗಳು ಪಡುವಣಕ್ಕಿವೆ. ಗಾಳಿ ಬೆಳಕು ಚೆನ್ನಾಗಿದೆಯೆಂದು ಡಿಸೆಂಬರಿನಲ್ಲಿ ನೋಡಿದಾಗ ಮೆಚ್ಚಿಕೊಂಡ ಮನೆಯೇ ಇದು. ಊರಿನ ರೂಢಿಯಂತೆ ಬೆಳಗಿನಿಂದ ಸಂಜೆಯವರೆಗೆ ಎಲ್ಲ ಕಿಟಕಿಗಳನ್ನೂ ತೆರೆದಿಡುತ್ತೇವೆ, ಆದರೂ ಮೂರು ಗಂಟೆಯ ಹೊತ್ತಿಗೆ ಗೋಡೆ ಮುಟ್ಟಿದರೆ ಬಿಸಿ. ರಾತ್ರಿ ಹನ್ನೊಂದಾದರೂ ಮಂಚ, ದಿಂಬು, ನೀರಿನ ಕೊಡ ಎಲ್ಲವೂ ಬೆಚ್ಚಗಿರುತ್ತವೆ. ಫ್ಯಾನ್ ಹಾಕಿದರೆ ಬಿಸಿ ಗಾಳಿಯೇ ಮೈಮೇಲೆ ಬರುತ್ತದೆ.

ನನ್ನ ಮುಖ್ಯ ಚಿಂತೆ ಅಮ್ಮನದು. ಅವರು ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ. ನೀರು ಕುಡಿಯಿರಿ ಎಂದರೆ, "ಇಲ್ಲಿ ಸೆಕೆ ಅಂತ ಆಗುದೇ ಇಲ್ಲ ಮಾರಾಯ, ಒಂದು ಹನಿ ಬೆವರು ಬರುದಿಲ್ಲ, ನೀರು ಯಾಕೆ?" ಎನ್ನುತ್ತಾರೆ. ಅವರ ಮಾತು ನಿಜವೂ ಹೌದು, ಮೈ ಒಣಗಿಯೇ ಇರುತ್ತದೆ. ಆದರೆ ತುಟಿ ಒಡೆದಿದೆ, ಸಂಜೆಗೆ ತಲೆನೋವು ಬರುತ್ತದೆ, ಕಳೆದ ವಾರ ಮಗನಿಗೆ ಎರಡು ಸಲ ಮೂಗಿನಿಂದ ರಕ್ತ ಬಂತು. ಇಲ್ಲಿಯವರು, ಹಾಗೆಯೇ ಮಲೆನಾಡು ಅಥವಾ ಕೊಡಗಿನಿಂದ ಬಯಲುಸೀಮೆಗೆ ಬಂದು ನೆಲೆಸಿದವರು, ಮನೆಯನ್ನು, ದಿನಚರಿಯನ್ನು, ಊಟವನ್ನು ಹೇಗೆ ಬದಲಿಸಿಕೊಂಡಿರಿ ಎಂಬುದನ್ನು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ. ಏರ್ ಕೂಲರ್ ಕೊಳ್ಳಬೇಕೋ ಎ.ಸಿ. ಹಾಕಿಸಬೇಕೋ ಎಂಬುದನ್ನೂ ಈ ವಾರವೇ ತೀರ್ಮಾನಿಸಬೇಕಾಗಿದೆ.

ಎರೆಹೊಲ, ಮಾರ್ಚ್ 18

ತುಂಗಾತೀರ ಅವರೇ, ಕಲಬುರಗಿಗೆ ಸ್ವಾಗತ. ನಾನು ಚಿತ್ತಾಪುರ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದವನು, 61 ಬೇಸಿಗೆಗಳನ್ನು ಇಲ್ಲಿಯೇ ಕಂಡಿದ್ದೇನೆ. ನಿಮ್ಮ ಬರಹ ಓದಿದ ಕೂಡಲೇ ಹೇಳಬೇಕೆನಿಸಿದ ಮೊದಲ ಮಾತು ಕಿಟಕಿಯದು. ದಯವಿಟ್ಟು ನಾಳೆಯಿಂದಲೇ ಬೆಳಿಗ್ಗೆ ಒಂಬತ್ತರೊಳಗೆ ಎಲ್ಲ ಕಿಟಕಿಗಳನ್ನೂ ಮುಚ್ಚಿರಿ. ನಿಮ್ಮ ಸೀಮೆಯಲ್ಲಿ ಹೊರಗೆ ಮರಗಳ ನೆರಳಿದೆ, ಅಂಗಳದಲ್ಲಿ ತೇವವಿದೆ, ಆದ್ದರಿಂದ ಕಿಟಕಿ ತೆರೆದರೆ ತಂಪು ಬರುತ್ತದೆ. ಇಲ್ಲಿ ಹತ್ತು ಗಂಟೆಯ ನಂತರ ಹೊರಗಿನ ಗಾಳಿ ಮನೆಯೊಳಗಿನ ಗಾಳಿಗಿಂತ ಬಿಸಿಯಾಗಿರುತ್ತದೆ. ತೆರೆದ ಕಿಟಕಿಯಿಂದ ನೀವು ಇಡೀ ದಿನ ಮನೆಯನ್ನು ಕಾಯಿಸುತ್ತಿದ್ದೀರಿ. ಸೂರ್ಯ ಮುಳುಗಿ ಹೊರಗಿನ ಗಾಳಿ ತಣಿದ ಮೇಲೆ ಎಲ್ಲವನ್ನೂ ತೆರೆಯಿರಿ, ರಾತ್ರಿಯಿಡೀ ತೆರೆದಿರಲಿ, ಬೆಳಗಿನ ತಂಪನ್ನು ಒಳಗೆ ಹಿಡಿದು ಮತ್ತೆ ಮುಚ್ಚಿರಿ. ನಮ್ಮ ಹಳೆಯ ಮಾಳಿಗೆ ಮನೆಗಳಿಗೆ ಎರಡಡಿ ದಪ್ಪದ ಗೋಡೆ, ಮೇಲೆ ಮಣ್ಣು, ಚಿಕ್ಕ ಕಿಟಕಿ, ಕೆಳಗೆ ಶಹಾಬಾದ್ ಕಲ್ಲಿನ ನೆಲ ಇರುತ್ತಿದ್ದುದು ಇದೇ ಕಾರಣಕ್ಕೆ. ಕತ್ತಲ ಮನೆ ಎಂದು ಹೊರಗಿನವರಿಗೆ ಅನಿಸಬಹುದು, ಆ ಕತ್ತಲೆಯೇ ನಮಗೆ ತಂಪು.

ಎರಡನೆಯದು ದಿನವನ್ನು ಕತ್ತರಿಸುವ ರೀತಿ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ಕ್ಕೆ ಬದಲಿಸುವ ಪದ್ಧತಿಯಿದೆ. ಬ್ಯಾಂಕಿನವರಿಗೆ ಆ ಅನುಕೂಲವಿಲ್ಲ, ಆದರೆ ಮನೆಯವರ ದಿನಚರಿಯನ್ನು ನೀವು ಹಾಗೆಯೇ ಮಾಡಿಕೊಳ್ಳಬಹುದು. ಸಂತೆ, ತರಕಾರಿ, ದೇವಸ್ಥಾನ, ಆಸ್ಪತ್ರೆ ಎಲ್ಲವೂ ಬೆಳಿಗ್ಗೆ ಹತ್ತರೊಳಗೆ ಮುಗಿಯಲಿ. ರೊಟ್ಟಿ ಬಡಿಯುವುದು, ಅನ್ನ ಸಾರು ಮಾಡುವುದು ಎಂಟರೊಳಗೆ ಮುಗಿಯಲಿ, ಮಧ್ಯಾಹ್ನ ಒಲೆ ಹಚ್ಚುವುದೇ ಬೇಡ. ಹನ್ನೆರಡರಿಂದ ನಾಲ್ಕರವರೆಗೆ ಮನೆಯೊಳಗೆ ಅಡ್ಡಾಗುವುದನ್ನು ಇಲ್ಲಿ ಯಾರೂ ಸೋಮಾರಿತನವೆಂದು ಎಣಿಸುವುದಿಲ್ಲ. ಹೊಲದಲ್ಲಿ ದುಡಿಯುವ ನಮ್ಮ ಜನ ನಸುಕಿನಲ್ಲಿ ಹೋಗಿ ಬಿಸಿಲೇರುವ ಮೊದಲು ಬೇವಿನ ಮರದ ನೆರಳಿಗೆ ಬರುತ್ತಾರೆ, ಮತ್ತೆ ಇಳಿಹೊತ್ತಿಗೆ ಹೊಲಕ್ಕೆ ಇಳಿಯುತ್ತಾರೆ.

ನೀವು ಮಧ್ಯಾಹ್ನ ಹೊರಗೆ ಹೋಗಲೇಬೇಕಾದರೆ ದೊಡ್ಡ ಹತ್ತಿಯ ಟವೆಲ್ಲನ್ನು ತಲೆ, ಕಿವಿ, ಕುತ್ತಿಗೆ ಮುಚ್ಚುವಂತೆ ಸುತ್ತಿಕೊಳ್ಳಿ. ದ್ವಿಚಕ್ರ ವಾಹನದಲ್ಲಿ ಹೋಗುವಾಗ ಮುಖಕ್ಕೆ ಹೊಡೆಯುವ ಗಾಳಿ ತಂಪೆನಿಸುವುದಿಲ್ಲ, ಒಲೆಯ ಮುಂದೆ ಕುಳಿತಂತಿರುತ್ತದೆ. ತುಂಬು ತೋಳಿನ ಅಂಗಿಯೇ ಒಳ್ಳೆಯದು. ನೀರಿಗೆ ಮಣ್ಣಿನ ಹರವಿ ತಂದು, ಮರಳಿನ ಮೇಲೆ ಕೂರಿಸಿ, ಸುತ್ತ ಒದ್ದೆ ಬಟ್ಟೆ ಕಟ್ಟಿ. ಫ್ರಿಜ್ಜಿನ ನೀರಿಗಿಂತ ಅದು ಗಂಟಲಿಗೆ ಹಿತ.

ಬೀದರ್ ವೈದ್ಯ, ಮಾರ್ಚ್ 19

ನಾನು ಸಾಮಾನ್ಯ ವೈದ್ಯ. ನಿಮ್ಮ ತಾಯಿಯವರ ಮಾತಿಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಮಲೆನಾಡು ಮತ್ತು ಕರಾವಳಿಯಿಂದ ಬಂದವರು ಎಡವುವುದು ಅಲ್ಲಿಯೇ. ಅವರು ಬೆವರುತ್ತಿದ್ದಾರೆ. ಒಣ ಗಾಳಿ ಆ ಬೆವರನ್ನು ಹನಿಗಟ್ಟುವ ಮೊದಲೇ ಹೀರಿಕೊಳ್ಳುತ್ತದೆ, ಆದ್ದರಿಂದ ಕಣ್ಣಿಗೆ ಕಾಣುವುದಿಲ್ಲ. ತೇವವಿರುವ ಊರಿನಲ್ಲಿ ಒದ್ದೆಯಾದ ರವಿಕೆಯೇ ನೀರು ಕುಡಿಯಬೇಕೆಂದು ನೆನಪಿಸುತ್ತದೆ, ಇಲ್ಲಿ ಆ ಸೂಚನೆಯೇ ಇಲ್ಲ. ಇದರ ಮೇಲೆ, ವಯಸ್ಸಾದಂತೆ ಬಾಯಾರಿಕೆಯ ಅರಿವೂ ಮಂದವಾಗುತ್ತದೆ. ಆದ್ದರಿಂದ ಬಾಯಾರಿಕೆಗಾಗಿ ಕಾಯದೆ ಗಡಿಯಾರ ನೋಡಿ ಕುಡಿಸಬೇಕು, ಗಂಟೆಗೊಮ್ಮೆ ಅರ್ಧ ಲೋಟವಾದರೂ ಸಾಕು. ಮೂತ್ರದ ಬಣ್ಣ ಗಾಢ ಹಳದಿಯಾಗಿದ್ದರೆ ನೀರು ಸಾಲುತ್ತಿಲ್ಲವೆಂದು ತಿಳಿಯಿರಿ. ಹೃದಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಮಾತ್ರ ನೀರಿನ ಪ್ರಮಾಣವನ್ನು ಅವರ ವೈದ್ಯರೇ ಹೇಳಬೇಕು.

ಹೊಸ ಬಿಸಿಲಿಗೆ ದೇಹ ಹೊಂದಿಕೊಳ್ಳುವುದು ನಿಜ, ಅದಕ್ಕೆ ಸಾಮಾನ್ಯವಾಗಿ 1ರಿಂದ 2 ವಾರ ಬೇಕಾಗುತ್ತದೆ. ದಿನವೂ ಸ್ವಲ್ಪ ಸ್ವಲ್ಪವಾಗಿ ಬಿಸಿಗೆ ಒಡ್ಡಿಕೊಂಡರೆ ರಕ್ತದಲ್ಲಿನ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಆರಂಭವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಮೊದಲ ದಿನವೇ ಎರಡು ಗಂಟೆ ಬಿಸಿಲಿನಲ್ಲಿ ಓಡಾಡಿ "ಅಭ್ಯಾಸ ಮಾಡಿಕೊಳ್ಳುತ್ತೇನೆ" ಎನ್ನುವುದು ಅಪಾಯ. ಇಡೀ ದಿನ ಎ.ಸಿ.ಯೊಳಗೇ ಇದ್ದರೂ ಈ ಹೊಂದಾಣಿಕೆ ಆಗುವುದಿಲ್ಲ. ಮತ್ತೊಂದು ವಿಷಯ: ಊರಿಗೆ ಹೋಗಿ ಕೆಲವು ವಾರ ತಂಪಿನಲ್ಲಿದ್ದು ಮೇ ತಿಂಗಳಲ್ಲಿ ಮರಳಿದರೆ ಗಳಿಸಿದ್ದು ಬಹುಮಟ್ಟಿಗೆ ಕಳೆದುಹೋಗಿರುತ್ತದೆ, ಆಗ ಮತ್ತೆ ಮೊದಲಿನಿಂದ ಎಚ್ಚರ ವಹಿಸಬೇಕು.

ರಕ್ತದೊತ್ತಡದ ಕೆಲವು ಮಾತ್ರೆಗಳು ಮೂತ್ರವನ್ನು ಹೆಚ್ಚಿಸುವಂಥವು. ಬೇಸಿಗೆಯಲ್ಲಿ ಅವುಗಳಿಂದ ನಿತ್ರಾಣ, ಎದ್ದು ನಿಂತಾಗ ತಲೆಸುತ್ತು ಬರಬಹುದು. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಏಪ್ರಿಲ್ ಆರಂಭವಾಗುವ ಮೊದಲು ಒಮ್ಮೆ ಒತ್ತಡ ಪರೀಕ್ಷಿಸಿ, ಚೀಟಿಯನ್ನು ವೈದ್ಯರಿಗೆ ತೋರಿಸಿ. ಓ.ಆರ್.ಎಸ್. ಪುಡಿಯನ್ನು ಮನೆಯಲ್ಲಿಟ್ಟುಕೊಳ್ಳಿ. ಅದು ಸಿಗದಿದ್ದಾಗ 1 ಲೀಟರ್ ಶುದ್ಧ ನೀರಿಗೆ 6 ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಬಹುದು, ಚಮಚವೆಂದರೆ ಚಹಾದ ಚಮಚ. ಆದರೆ ರಕ್ತದೊತ್ತಡ ಇರುವವರು ಅದನ್ನು ದಿನನಿತ್ಯದ ಪಾನೀಯವಾಗಿ ಬಳಸಬಾರದು, ವಾಂತಿ, ಭೇದಿ, ಬಳಲಿಕೆಗಳಿಗೆ ಮಾತ್ರ ಇರಲಿ. ಮಗನ ಮೂಗಿನ ರಕ್ತಸ್ರಾವ ಹೆಚ್ಚಾಗಿ ಒಣ ಹವೆಯಿಂದಲೇ ಬರುವುದು. ಮುಂದಕ್ಕೆ ಬಾಗಿಸಿ ಕೂರಿಸಿ, ಮೂಗಿನ ಮೆದು ಭಾಗವನ್ನು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ತಲೆಯನ್ನು ಹಿಂದಕ್ಕೆ ವಾಲಿಸಬೇಡಿ. ಪದೇ ಪದೇ ಬಂದರೆ ತೋರಿಸಿ.

ಮನೆಯವರೆಲ್ಲರಿಗೂ ಒಂದು ಗುರುತು ಗೊತ್ತಿರಲಿ. ತಲೆನೋವು, ವಾಕರಿಕೆ, ಸ್ನಾಯು ಹಿಡಿತ ಇದ್ದರೆ ನೆರಳು, ವಿಶ್ರಾಂತಿ, ನೀರಿನಿಂದ ಸುಧಾರಿಸಬಹುದು. ಆದರೆ ಮೈ ಕಾದು, ಮಾತು ತೊದಲಿ, ಇರುವ ಜಾಗವೇ ತಿಳಿಯದಂತಾದರೆ ಅದು ಬಿಸಿಲಾಘಾತ. ದೇಹದ ಉಷ್ಣಾಂಶ 40 ಡಿಗ್ರಿ ದಾಟಿರುತ್ತದೆ, ಪ್ರತಿ ನಿಮಿಷವೂ ಮುಖ್ಯ. 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೆ ಮೈಮೇಲೆ ನೀರು ಸುರಿದು ಗಾಳಿ ಹಾಕುತ್ತಲೇ ಇರಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬಾರದು.

ಫರ್ಸಿಕಲ್ಲು, ಮಾರ್ಚ್ 20

ಮನೆ ಕಟ್ಟುವ ಕೆಲಸದಲ್ಲಿ ಇಪ್ಪತ್ತು ವರ್ಷಗಳಿಂದ ಇರುವವನಾಗಿ ತಾರಸಿಯ ಬಗ್ಗೆ ಬರೆಯುತ್ತೇನೆ. ಕಲಬುರಗಿ ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಮೇ 10ರ ಆಸುಪಾಸಿನಲ್ಲಿ ಸೂರ್ಯ ನಡುಹಗಲಿಗೆ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಗೋಡೆಗಳಿಗಿಂತ ತಾರಸಿಗೇ ಹೆಚ್ಚು ಬಿಸಿಲು ಬೀಳುವುದು ಇದರಿಂದ. ಕಾಂಕ್ರೀಟ್ ಹಗಲಿಡೀ ಹೀರಿದ ಶಾಖವನ್ನು ಕತ್ತಲಾದ ಮೇಲೆ ಕೆಳಗಿನ ಕೋಣೆಗೆ ಬಿಡುತ್ತದೆ. ನಿಮ್ಮ ದಿಂಬು ರಾತ್ರಿ ಹನ್ನೊಂದಕ್ಕೂ ಬೆಚ್ಚಗಿರುವುದಕ್ಕೆ ಇದೇ ಕಾರಣ. ಮಾಲೀಕರನ್ನು ಒಪ್ಪಿಸಿ ತಾರಸಿಗೆ ಎರಡು ಕೈ ಸುಣ್ಣ ಹೊಡೆಸಿ. ಅಂಟು ಬೆರೆಸಿದ ಸುಣ್ಣ ಒಂದು ಬೇಸಿಗೆ ನಿಲ್ಲುತ್ತದೆ, ಖರ್ಚೂ ದೊಡ್ಡದಲ್ಲ. ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣಗಳು ಮಾರುಕಟ್ಟೆಯಲ್ಲಿವೆ, ಅವು ಹೆಚ್ಚು ಕಾಲ ಬಾಳುತ್ತವೆ. ತಾರಸಿಗೆ ನೀರು ಸುರಿಯುವವರನ್ನು ನೋಡುತ್ತೇನೆ. ನೀರಿನ ಕೊರತೆಯಿರುವ ಊರಿನಲ್ಲಿ ನಾನು ಅದನ್ನು ಒಪ್ಪಲಾರೆ. ಹಸಿರು ನೆರಳು ಪರದೆಯನ್ನು ಆಳೆತ್ತರಕ್ಕೆ ಕಟ್ಟಿದರೆ ಅದಕ್ಕಿಂತ ಹೆಚ್ಚು ಪ್ರಯೋಜನವಾಗುತ್ತದೆ.

ಪಡುವಣ ಕಿಟಕಿಗೆ ಒಳಗಿನಿಂದ ಎಷ್ಟು ದಪ್ಪ ಪರದೆ ಹಾಕಿದರೂ ಬಿಸಿಲು ಗಾಜನ್ನು ದಾಟಿ ಒಳಗೆ ಬಂದುಬಿಟ್ಟಿರುತ್ತದೆ. ಬಿದಿರಿನ ತಟ್ಟಿಯನ್ನಾಗಲಿ ಲಾವಂಚದ ಪರದೆಯನ್ನಾಗಲಿ ಹೊರಗಿನಿಂದ ಇಳಿಬಿಡಬೇಕು.

ಕೂಲರೋ ಎ.ಸಿ.ಯೋ ಎಂಬ ಪ್ರಶ್ನೆಗೆ ಬರುತ್ತೇನೆ. ನೀರು ಆವಿಯಾಗುವಾಗ ಗಾಳಿಯ ಶಾಖವನ್ನು ಹೀರುತ್ತದೆ, ಗಾಳಿ ಒಣಗಿದ್ದಷ್ಟೂ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ಆದ್ದರಿಂದ ಏಪ್ರಿಲ್, ಮೇ ತಿಂಗಳ ಕಲಬುರಗಿ ಕೂಲರಿಗೆ ಹೇಳಿ ಮಾಡಿಸಿದ ಊರು, ವಿದ್ಯುತ್ತೂ ಕಡಿಮೆ ಸಾಕು. ಎರಡು ನಿಯಮ ತಪ್ಪಬಾರದು. ಕೂಲರಿನ ಬೆನ್ನು ಕಿಟಕಿಯ ಹೊರಗಿನ ಗಾಳಿಗೆ ಇರಬೇಕು, ಎದುರಿನ ಇನ್ನೊಂದು ಕಿಟಕಿ ಅಥವಾ ಬಾಗಿಲು ತುಸು ತೆರೆದಿರಬೇಕು. ಎಲ್ಲ ಮುಚ್ಚಿ ಓಡಿಸಿದರೆ ಒಂದು ಗಂಟೆಯಲ್ಲಿ ಕೋಣೆ ತೇವದಿಂದ ಉಸಿರುಗಟ್ಟುತ್ತದೆ. ಎ.ಸಿ.ಗೆ ಇದರ ತದ್ವಿರುದ್ಧ, ಎಲ್ಲವನ್ನೂ ಮುಚ್ಚಬೇಕು. ಕೂಲರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಪೂರ್ತಿ ಖಾಲಿ ಮಾಡಿ ಉಜ್ಜಿ ಒಣಗಿಸಿ, ಡೆಂಗ್ಯೂ ಹರಡುವ ಸೊಳ್ಳೆ ಅಂಥ ನಿಂತ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮನೆಯಲ್ಲಿ ಹಿರಿಯರಿರುವುದರಿಂದ ಒಂದೇ ಒಂದು ಕೋಣೆಗೆ ಎ.ಸಿ. ಇದ್ದರೂ ತಪ್ಪಿಲ್ಲ. 2020ರ ಜನವರಿಯ ನಂತರದ ಎ.ಸಿ.ಗಳು ಶುರುವಾಗುವಾಗಲೇ 24 ಡಿಗ್ರಿಗೆ ಇರುತ್ತವೆ. ಅದನ್ನು 18ಕ್ಕೆ ಇಳಿಸದೆ 26ಕ್ಕೆ ಏರಿಸಿ, ಜೊತೆಗೆ ಫ್ಯಾನ್ ಹಾಕಿದರೆ ಸಾಕು.

ನೇತ್ರಾವತಿ ದಂಡೆ, ಮಾರ್ಚ್ 20

ಈ ಚರ್ಚೆಯನ್ನು ಓದಿ ಕರಾವಳಿಗೆ ಹೋಗುವವರು ದಯವಿಟ್ಟು ಇದೇ ಸಲಹೆಗಳನ್ನು ಅಲ್ಲಿ ಬಳಸಬೇಡಿ ಎಂದು ಹೇಳಲು ಬರೆಯುತ್ತಿದ್ದೇನೆ. ನಾನು ಮಡಿಕೇರಿಯಿಂದ ಮಂಗಳೂರಿಗೆ ಬಂದು 9 ವರ್ಷಗಳಾದವು. ಇಲ್ಲಿ 34 ಡಿಗ್ರಿಯೇ ಹೆಚ್ಚು, ಆದರೆ ಗಾಳಿಯಲ್ಲಿ ಆಗಲೇ ನೀರು ತುಂಬಿರುವುದರಿಂದ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಮೊದಲ ವರ್ಷ ಕೂಲರ್ ಕೊಂಡು ಹಣ ಕಳೆದುಕೊಂಡೆ, ಅದು ಕೋಣೆಯ ತೇವವನ್ನು ಹೆಚ್ಚಿಸಿತೇ ಹೊರತು ತಂಪು ಕೊಡಲಿಲ್ಲ. ನಮಗಿಲ್ಲಿ ಬೇಕಾದದ್ದು ಬೀಸುವ ಗಾಳಿ. ಕಿಟಕಿ ತೆರೆದು, ಎದುರುಬದುರು ಗಾಳಿಯಾಡುವಂತೆ ಮಲಗಬೇಕು. ಹವಾಮಾನ ಇಲಾಖೆಯೂ ಬಿಸಿಗಾಳಿಯನ್ನು ಲೆಕ್ಕ ಹಾಕುವಾಗ ಬಯಲಿಗೆ 40, ಕರಾವಳಿಗೆ 37, ಗುಡ್ಡಗಾಡಿಗೆ 30 ಡಿಗ್ರಿಯನ್ನು ಕನಿಷ್ಠ ಮಿತಿಯಾಗಿ ಇಟ್ಟುಕೊಳ್ಳುತ್ತದೆ. ಉಷ್ಣಾಂಶದ ಅಂಕಿಯೊಂದನ್ನೇ ನೋಡಿ ಎರಡು ಊರುಗಳನ್ನು ಹೋಲಿಸಲಾಗದು.

ತುಂಗಾತೀರ, ಏಪ್ರಿಲ್ 21

ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ವಂದನೆಗಳು. ಒಂದು ತಿಂಗಳಲ್ಲಿ ಆದದ್ದನ್ನು ಹೇಳುತ್ತೇನೆ, ಮುಂದೆ ಬರುವವರಿಗೆ ಉಪಯೋಗವಾಗಲಿ.

ಕಿಟಕಿ ಮುಚ್ಚುವ ವಿಚಾರದಲ್ಲಿ ಅಮ್ಮ ಮೂರು ದಿನ ಒಪ್ಪಲಿಲ್ಲ. ಹಗಲಿನಲ್ಲಿ ಬಾಗಿಲು ಕಿಟಕಿ ಹಾಕಿದ ಮನೆ ಅವರಿಗೆ ಸೂತಕದ ಮನೆಯಂತೆ ಕಂಡಿತು. ಕೆಳಗಿನ ಮನೆಯ ಹಿರಿಯ ಹೆಂಗಸು ಮೇಲೆ ಬಂದು, "ಅಮ್ಮಾರ, ಕಿಡಕಿ ಹಿಂಗ ತೆರದಿಟ್ರ ಮನಿ ಹಂಚಿನಂಗ ಕಾಯ್ತದ್ರಿ" ಎಂದು ತಾವೇ ಎಲ್ಲವನ್ನೂ ಮುಚ್ಚಿ ಕುಳಿತು ಮಾತಾಡಿ ಹೋದ ಮೇಲೆ ಒಪ್ಪಿಕೊಂಡರು. ತಾರಸಿಗೆ ಸುಣ್ಣ ಹೊಡೆಸಿದೆವು, ಪಡುವಣ ಕಿಟಕಿಗಳಿಗೆ ಹೊರಗಿನಿಂದ ತಟ್ಟಿ ಕಟ್ಟಿಸಿದೆವು. ಕೂಲರ್ ತಂದೆ, ಆದರೆ ಎ.ಸಿ.ಯ ಅಭ್ಯಾಸದಲ್ಲಿ ಬಾಗಿಲು ಹಾಕಿ ಓಡಿಸಿದೆ. ಫರ್ಸಿಕಲ್ಲು ಅವರು ಎಚ್ಚರಿಸಿದಂತೆಯೇ ಆಯಿತು, ಸರಿಪಡಿಸಿದ ರಾತ್ರಿಯೇ ಮಗ ಹೊದಿಕೆ ಕೇಳಿದ.

ಆದರೆ ಏಪ್ರಿಲ್ 9ರಂದು ನಮಗೆ ದೊಡ್ಡ ಭಯವೊಂದು ಎದುರಾಯಿತು. ನಾನೂ ಹೆಂಡತಿಯೂ ಹೊರಗಿದ್ದಾಗ ವಿದ್ಯುತ್ ಹೋಗಿದೆ. ಅಮ್ಮ ಬಟ್ಟೆ ತರಲೆಂದು ಎರಡು ಗಂಟೆಯ ಬಿಸಿಲಿನಲ್ಲಿ ತಾರಸಿಗೆ ಹೋಗಿದ್ದಾರೆ, ಇಳಿಯುವಾಗ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟಿದ್ದಾರೆ. ಊರಿನಲ್ಲಿ ಮಳೆಗಾಲದ ನಡುವೆ ಬಿಸಿಲು ಕಂಡರೆ ಬಟ್ಟೆ ಓಡಿ ಹೋಗಿ ಹರವುವ, ಮೋಡ ಕಂಡರೆ ಓಡಿ ಹೋಗಿ ತರುವ ಐವತ್ತು ವರ್ಷಗಳ ರೂಢಿ ಅವರದು. ಕೆಳಗಿನ ಮನೆಯವರು ನೋಡಿ, ತಮ್ಮ ಕಲ್ಲಿನ ನೆಲದ ಮೇಲೆ ಮಲಗಿಸಿ, ಒದ್ದೆ ಬಟ್ಟೆಯಿಂದ ಒರೆಸಿ, ನೀರು ಮಜ್ಜಿಗೆ ಕೊಟ್ಟಿದ್ದಾರೆ. ನಾನು ಬರುವಷ್ಟರಲ್ಲಿ ಮಾತಾಡುತ್ತಿದ್ದರು. ವೈದ್ಯರು ಪರೀಕ್ಷಿಸಿ ಒಂದು ಮಾತ್ರೆಯ ಪ್ರಮಾಣ ಇಳಿಸಿದರು. ಮಾರ್ಚಿನಲ್ಲಿಯೇ ಬೀದರ್ ವೈದ್ಯರು ಹೇಳಿದಂತೆ ಚೀಟಿ ತೋರಿಸಬೇಕಿತ್ತು, ನಾನು ಮುಂದೂಡಿದ್ದು ತಪ್ಪು.

ಅಂದಿನಿಂದ ಅವರು ಆರೋಗ್ಯವಾಗಿದ್ದಾರೆ, ಆದರೆ ಮಂಕಾಗಿದ್ದಾರೆ. ಊಟ ಸೇರುವುದಿಲ್ಲ. ಜಗಲಿ ಇಲ್ಲ, ತೋಟ ಇಲ್ಲ, ದಿನವೆಲ್ಲ ಅರೆಗತ್ತಲೆಯ ಕೋಣೆ. ಇದಕ್ಕೆ ಏನು ಮಾಡಬೇಕೆಂದು ನನಗೆ ತೋಚುತ್ತಿಲ್ಲ.

ಅಪ್ಪೆಮಿಡಿ, ಏಪ್ರಿಲ್ 22

ತುಂಗಾತೀರ ಅವರೇ, ನಿಮ್ಮ ತಾಯಿಯವರ ಬಗ್ಗೆ ಓದಿ ಸುಮ್ಮನಿರಲಾಗಲಿಲ್ಲ. ನಾನು ಶಿರಸಿಯವಳು, ಮದುವೆಯಾಗಿ ರಾಯಚೂರಿಗೆ ಬಂದು 14 ವರ್ಷಗಳಾದವು. ಮೊದಲ ಬೇಸಿಗೆಯಲ್ಲಿ ನಾನು ಅತ್ತದ್ದು ಬಿಸಿಲಿಗಲ್ಲ, ಹಸಿರು ಕಾಣದ್ದಕ್ಕೆ. ಬಿರುಕು ಬಿಟ್ಟ ಎರೆ ಹೊಲ ನೋಡಿದರೆ ಎದೆ ಒಣಗುತ್ತಿತ್ತು. ತವರಿನಿಂದ ತಂದ ಹಲಸಿನ ಮರದ ಪೆಟ್ಟಿಗೆಯ ಮುಚ್ಚಳ ಏಪ್ರಿಲಿನ ಒಂದು ರಾತ್ರಿ ಟಪ್ಪೆಂದು ಸೀಳಿತು. ತೇವದಲ್ಲಿ ಹದವಾಗಿದ್ದ ಮರ ಒಣ ಹವೆಯಲ್ಲಿ ಕುಗ್ಗುತ್ತದೆಂಬುದು ಆಗ ನನಗೆ ತಿಳಿಯದು. ನಿಮ್ಮಲ್ಲೂ ಅಂಥ ಮರದ ಸಾಮಾನುಗಳಿದ್ದರೆ ಕೂಲರಿನ ಎದುರಿಗೂ ಬಿಸಿಲು ಬೀಳುವ ಗೋಡೆಗೂ ಇಡಬೇಡಿ, ಆಗಾಗ ಎಣ್ಣೆ ಸವರಿ.

ಊಟದ ವಿಷಯದಲ್ಲಿ ನಿಮ್ಮ ತಾಯಿಯವರಿಗೆ ಹೊಸದನ್ನು ಕಲಿಸುವ ಮೊದಲು ಅವರಿಗೆ ಗೊತ್ತಿರುವುದನ್ನೇ ಕೇಳಿ. ತಂಬುಳಿ, ಅಪ್ಪೆಹುಳಿ, ಮುರುಗಲ ಪಾನಕ ಇವುಗಳನ್ನು ನಮ್ಮ ಅಜ್ಜಿಯರು ಬೇಸಿಗೆಗಾಗಿಯೇ ಮಾಡಿದ್ದು. ಒಂದೆಲಗ ಇಲ್ಲಿ ಸುಲಭವಾಗಿ ಸಿಗದು, ಆದರೆ ಮೆಂತ್ಯ, ಜೀರಿಗೆ, ದಾಳಿಂಬೆ ಸಿಪ್ಪೆ ಇವುಗಳ ತಂಬುಳಿಗೆ ಏನೂ ಅಡ್ಡಿಯಿಲ್ಲ. ಒಣಗಿಸಿದ ಮುರುಗಲು ಸಿಪ್ಪೆಯನ್ನು ಊರಿನಿಂದ ತರಿಸಿ ಡಬ್ಬಿಯಲ್ಲಿಟ್ಟರೆ ವರ್ಷವಿಡೀ ಇರುತ್ತದೆ. ನಾನು ಅಪ್ಪೆಮಿಡಿಯನ್ನು ಉಪ್ಪುನೀರಿನಲ್ಲಿ ಹಾಕಿ ತರುತ್ತೇನೆ, ಎರಡು ಮಿಡಿ ಬೇಯಿಸಿ ಕಿವುಚಿ ನೀರು ಹಾಕಿ ಒಗ್ಗರಣೆ ಕೊಟ್ಟರೆ ಮಧ್ಯಾಹ್ನ ಅದನ್ನು ಕುಡಿದು ಮಲಗಿದವರು ನಾಲ್ಕಕ್ಕೇ ಏಳುವುದು. ಮಿಡಿಯಲ್ಲಿಯೇ ಉಪ್ಪಿರುವುದರಿಂದ ನಿಮ್ಮ ತಾಯಿಯವರಿಗೆ ಚೆನ್ನಾಗಿ ತೊಳೆದು ತೆಳ್ಳಗೆ ಮಾಡಿ. ಈ ಊರು ಕೊಡುವುದೂ ಕಡಿಮೆಯಲ್ಲ. ಜೋಳದ ಅಂಬಲಿಗೆ ಮಜ್ಜಿಗೆ ಬೆರೆಸಿ, ಹಸಿ ಉಳ್ಳಾಗಡ್ಡಿ ಕಚ್ಚಿಕೊಂಡು ಕುಡಿಯುವುದು ನನಗೆ ಈಗ ಅಭ್ಯಾಸವಾಗಿದೆ. ಪುಂಡಿಪಲ್ಲೆಯ ಹುಳಿ ಬಾಯಿಗೆ ರುಚಿ ತರುತ್ತದೆ. ಏಪ್ರಿಲ್ ಕೊನೆಗೆ ತಾಟಿನುಂಗು ಬರುತ್ತದೆ, ಅದನ್ನು ತಪ್ಪಿಸಬೇಡಿ.

ನೀರನ್ನು ಪರೀಕ್ಷಿಸದೆ ಕೊಳವೆಬಾವಿಯದನ್ನು ಕುಡಿಯಬೇಡಿ. ನಮ್ಮ ರಾಯಚೂರು ಸೀಮೆಯ ಕೆಲವು ಊರುಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ಅದು ಹೋಗುವುದಿಲ್ಲ, ನೀರು ಆವಿಯಾದಷ್ಟೂ ಸಾಂದ್ರವಾಗುತ್ತದೆ. ಮಲೆನಾಡಿನ ತೋಡಿನ ನೀರು ಕುಡಿದು ಬೆಳೆದ ನಮಗೆ ನೀರನ್ನು ಸಂಶಯಿಸುವ ಅಭ್ಯಾಸವೇ ಇರುವುದಿಲ್ಲ.

ಈಗ ಮುಖ್ಯ ಮಾತು. ಅಮ್ಮನನ್ನು ಬಿಸಿಲಿನಿಂದ ಕಾಪಾಡುವ ಭರದಲ್ಲಿ ಕೋಣೆಯಲ್ಲಿ ಕೂಡಿಹಾಕಬೇಡಿ. ನಮ್ಮ ಕಡೆ ಮಧ್ಯಾಹ್ನದ ಮೇಲೆ ಜಗಲಿಯಲ್ಲಿ ನಡೆಯುವ ಮಾತುಕತೆ ಇಲ್ಲಿ ಸೂರ್ಯ ಮುಳುಗಿದ ಮೇಲೆ ಬಾಗಿಲ ಮುಂದಿನ ಕಟ್ಟೆಯ ಮೇಲೆ ನಡೆಯುತ್ತದೆ, ಎಷ್ಟೋ ಸಲ ರಾತ್ರಿ ಹತ್ತರವರೆಗೂ. ಏಳು ಗಂಟೆಗೆ ಊಟ ಮಾಡಿ ಒಳಗೆ ಸೇರುವ ಮಲೆನಾಡಿನ ರೂಢಿಯನ್ನೇ ಇಟ್ಟುಕೊಂಡಿದ್ದರೆ ಅವರಿಗೆ ಈ ಊರಿನ ಜನರೇ ಕಾಣುವುದಿಲ್ಲ. ನನಗೂ ಮೊದಲ ಎರಡು ತಿಂಗಳು ಹಾಗೆಯೇ ಆಯಿತು. ಅವರನ್ನು ಸಂಜೆ ಏಳಕ್ಕೆ ಕೆಳಗೆ ಕರೆದುಕೊಂಡು ಹೋಗಿ ಆ ಕೆಳಮನೆಯವರ ಪಕ್ಕ ಕೂರಿಸಿ. ಮಾತು ಮೊದಲು ತಿಳಿಯದು. "ಹೋಗ್ಯಾರ", "ಬಂದಾರ" ಎಂಬುದಕ್ಕೆ ಕಿವಿ ಹೊಂದಲು ಎರಡು ವಾರ ಸಾಕು.

ಕೊಲ್ಲಿ ಕನ್ನಡಿಗ, ಏಪ್ರಿಲ್ 22

ಸಕಲೇಶಪುರದಿಂದ ದುಬೈಗೆ ಬಂದವನ ಒಂದು ಅನುಭವ. ಇಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರವರೆಗೆ ಬಯಲಿನಲ್ಲಿ ಬಿಸಿಲಿಗೆ ನಿಂತು ಕೆಲಸ ಮಾಡಿಸುವುದನ್ನು ಕಾನೂನು ನಿಷೇಧಿಸುತ್ತದೆ. ಕಚೇರಿಯಲ್ಲಿರುವ ನಮಗೆ ಕಷ್ಟ ಬೇರೆ ರೀತಿಯದು. ಎ.ಸಿ.ಯಿಂದ ಹೊರಗೆ, ಹೊರಗಿನಿಂದ ಎ.ಸಿ.ಗೆ ದಿನಕ್ಕೆ ಹತ್ತು ಸಲ ದಾಟುವುದರಿಂದ ಬಿಸಿಲಿಗೆ ಮೈ ಎಂದೂ ಒಗ್ಗುವುದಿಲ್ಲ. ಬೀದರ್ ವೈದ್ಯರು ಹೇಳಿದ್ದನ್ನು ನಾನು 6 ವರ್ಷಗಳಿಂದ ನನ್ನ ಮೈಯಲ್ಲಿಯೇ ಕಾಣುತ್ತಿದ್ದೇನೆ.

ಎರೆಹೊಲ, ಏಪ್ರಿಲ್ 23

ಕೊಲ್ಲಿಯಿಂದ ಬರೆದವರ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ನಾವು ಇಲ್ಲಿ ಹೇಳಿದ ಸಲಹೆಗಳೆಲ್ಲ ಮಧ್ಯಾಹ್ನ ಮನೆಯೊಳಗೆ ಇರಬಲ್ಲವರಿಗೆ. ಶಹಾಬಾದ್, ಸೇಡಂ ಸುತ್ತಲಿನ ಕಲ್ಲುಗಣಿಗಳಲ್ಲಿ, ತೊಗರಿಬೇಳೆಯ ಮಿಲ್ಲುಗಳಲ್ಲಿ, ರಸ್ತೆ ಕೆಲಸದಲ್ಲಿ ದುಡಿಯುವವರಿಗೆ ಹನ್ನೆರಡರಿಂದ ನಾಲ್ಕು ಎಂಬುದು ಕೂಲಿಯ ಹೊತ್ತು. ಈ ಊರಿನ ಬಿಸಿಲಿಗೆ ಅವರು ಒಗ್ಗಿದ್ದಾರೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ, ಆದರೆ ಹುಟ್ಟಿನಿಂದ ಇಲ್ಲಿರುವವನೂ ಬಿಸಿಲಿಗೆ ಬಿದ್ದು ಸತ್ತದ್ದನ್ನು ನಾನು ಕಂಡಿದ್ದೇನೆ. ಹೊಸದಾಗಿ ಬಂದವರು ತಮ್ಮ ಮನೆಯನ್ನು ತಂಪು ಮಾಡಿಕೊಂಡ ಮೇಲೆ, ಬಾಗಿಲ ಮುಂದೆ ನೆರಳಿನಲ್ಲಿ ಒಂದು ಹರವಿ ನೀರು, ಮೇಲೊಂದು ಮುಚ್ಚಳ, ಒಂದು ಲೋಟ ಇಡಿ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವುದು ನಮ್ಮ ಹಿರಿಯರ ಪದ್ಧತಿ, ನಗರದ ಬೀದಿಗಳಲ್ಲಿ ಅದು ಕಡಿಮೆಯಾಗುತ್ತಿರುವುದು ನನಗೆ ನೋವಿನ ಸಂಗತಿ. ಮನೆಗೆ ಸಾಮಾನು ತಲುಪಿಸುವ ಹುಡುಗರಿಗೆ ಮೊದಲು ನೀರು ಕೊಟ್ಟು ಆಮೇಲೆ ಸಹಿ ಹಾಕಿ.

ತುಂಗಾತೀರ, ಜೂನ್ 16

ಮೊದಲ ಬೇಸಿಗೆ ಮುಗಿಯಿತು. ಮೇ ತಿಂಗಳಲ್ಲಿ ನಾಲ್ಕು ದಿನ 43 ದಾಟಿತು. ಆ ದಿನಗಳಲ್ಲಿ ಬೆಳಿಗ್ಗೆ ಎಂಟಕ್ಕೆ ಮುಚ್ಚಿದ ಮನೆಯನ್ನು ರಾತ್ರಿ ಎಂಟಕ್ಕೆ ತೆರೆದೆವು. ಮಗನಿಗೆ ಮತ್ತೆ ಮೂಗಿನಲ್ಲಿ ರಕ್ತ ಬರಲಿಲ್ಲ. ಎ.ಸಿ. ಹಾಕಿಸಲಿಲ್ಲ, ಆದರೆ ಮುಂದಿನ ವರ್ಷ ಅಮ್ಮನ ಕೋಣೆಗೆ ಬೇಕಾಗಬಹುದು ಎಂದುಕೊಂಡಿದ್ದೇನೆ, ಏಕೆಂದರೆ ಮಳೆ ಹತ್ತಿರವಾಗಿ ಗಾಳಿಯಲ್ಲಿ ತೇವ ಏರಿದ ಆ ಹತ್ತು ದಿನಗಳಲ್ಲಿ ಕೂಲರ್ ಏನೂ ಕೆಲಸ ಮಾಡಲಿಲ್ಲ. ಉಷ್ಣಾಂಶ ಇಳಿದಿತ್ತು, ನಿದ್ದೆ ಮಾತ್ರ ಬರಲಿಲ್ಲ. ನೇತ್ರಾವತಿ ದಂಡೆಯವರು ಬರೆದದ್ದು ಆಗ ಪೂರ್ತಿ ಅರ್ಥವಾಯಿತು.

ಅಪ್ಪೆಮಿಡಿ ಅವರಿಗೆ ವಿಶೇಷವಾಗಿ ತಿಳಿಸಬೇಕು. ಅಮ್ಮ ಈಗ ದಿನವೂ ಸಂಜೆ ಕೆಳಗಿನ ಕಟ್ಟೆಗೆ ಹೋಗುತ್ತಾರೆ. ಕೆಳಮನೆಯವರು ಅವರಿಗೆ ರೊಟ್ಟಿ ತಟ್ಟಲು ಕಲಿಸಲು ನೋಡಿ ಸೋತರು, ಇವರು ಅವರಿಗೆ ಜೀರಿಗೆ ತಂಬುಳಿ ಕಲಿಸಿದರು. ಊರಿನಿಂದ ತರಿಸಿದ ಮುರುಗಲು ಅರ್ಧ ಖಾಲಿಯಾದದ್ದು ಆ ಕಟ್ಟೆಯ ಮೇಲೆಯೇ. ಬಾಗಿಲ ಮುಂದಿನ ಹರವಿಯನ್ನು ತುಂಬುವ ಕೆಲಸವನ್ನು ಅಮ್ಮ ಯಾರಿಗೂ ಬಿಡುವುದಿಲ್ಲ. ನೀರು ತುಂಬುವಾಗ ತಾವೂ ಒಂದು ಲೋಟ ಕುಡಿಯುತ್ತಾರೆ, ಹಾಗಾಗಿ ನಾನು ಗಡಿಯಾರ ನೋಡಿ ಹೇಳುವುದನ್ನು ಬಿಟ್ಟಿದ್ದೇನೆ.

ಮೊನ್ನೆ ಇಳಿಹೊತ್ತಿಗೆ ಮುಂಗಾರಿನ ಮೊದಲ ದೊಡ್ಡ ಮಳೆ ಬಂತು. ಊರಿನಲ್ಲಿ ಇದನ್ನು ಮಳೆಯೆಂದು ಯಾರೂ ಎಣಿಸುವುದಿಲ್ಲ, ಅರ್ಧ ಗಂಟೆಯಲ್ಲಿ ನಿಂತಿತು. ಇಡೀ ಬೀದಿಯ ಜನ ಹೊರಗೆ ಬಂದು ನಿಂತಿದ್ದರು. ಅಮ್ಮ ಮಾತ್ರ ಅಭ್ಯಾಸದಂತೆ ಬಟ್ಟೆ ತರಲು ತಾರಸಿಗೆ ಓಡಿದರು, ನಾನು ಹಿಂದೆಯೇ ಓಡಿದೆ. ಸುಣ್ಣ ಬಳಿದ ನೆಲ ನೀರು ಕುಡಿದು ಸುಯ್ಯೆನ್ನುತ್ತಿತ್ತು, ಬಟ್ಟೆ ಆಗಲೇ ನೆನೆದುಹೋಗಿತ್ತು. ಅವರು ಅದನ್ನು ಹಗ್ಗದ ಮೇಲೆಯೇ ಬಿಟ್ಟು, "ಇರ್ಲಿ ಬಿಡು, ಇಲ್ಲಿ ನಾಳೆ ಬೆಳಿಗ್ಗೆಗೆ ಒಣಗುತ್ತೆ" ಎಂದರು.